ಪುಣೆದಾಗ ಯೂನಿವರ್ಸಿಟಿ, ರಿಸರ್ಚ್ ಲ್ಯಾಬ್‌ನಾಗ ಟೆಕ್ನಿಕಲ್ ಸ್ಟಾಫ್ ಕೆಲಸ ಹೆಂಗ್ ಹುಡುಕೋದ್ರಿ? ಪಿಎಚ್‌ಡಿ ಬ್ಯಾಡ

ಗಿರ್ಮಿಟ್_ಪ್ರಿಯೆ

ಎಲ್ಲಾರಿಗೂ ನಮಸ್ಕಾರ್ರಿ. ಭಾಳ ದಿನದಿಂದ ಬರೇ ಓದಕೋತ ಕುಂತಿದ್ದೆ, ಇವತ್ತು ಕೇಳೇ ಬಿಡೂಣು ಅನಿಸ್ತು. ನಾನು ಧಾರವಾಡದಾಕಿ. ಕರ್ನಾಟಕ ಯೂನಿವರ್ಸಿಟಿಯೊಳಗ ಎಂಎಸ್ಸಿ ಕೆಮಿಸ್ಟ್ರಿ ಆಗೇತಿ, ಆಮ್ಯಾಲೆ ಮೂರು ವರ್ಷ ಒಂದು ಫಾರ್ಮಾ ಕಂಪನಿ ಕ್ಯೂಸಿಯೊಳಗ (ಔಷಧದ ಗುಣಮಟ್ಟ ನೋಡೋ ವಿಭಾಗ) ಎಚ್‌ಪಿಎಲ್‌ಸಿ ಮ್ಯಾಲೆ, ಅಂದ್ರ ಮಿಶ್ರಣದಾಗ ಏನೇನು ಎಷ್ಟೆಷ್ಟು ಐತಿ ಅಂತ ಬ್ಯಾರೆ ಮಾಡಿ ತೋರಿಸೋ ಮಷೀನ್ ಮ್ಯಾಲೆ, ಕೆಲಸ ಮಾಡೀನಿ, ಮದುವಿ ಆತು, ಪುಣೆಕ್ಕ ಬಂದೆ, ಮಗಳು ಹುಟ್ಟಿದ್ಲು, ಹಿಂಗ ಎರಡು ವರ್ಷ ಮನ್ಯಾಗ ಹೋದ್ವು. ಈಗ ವಯಸ್ಸು 29.

ಮನಿ ಬಾಣೇರ್ ಕಡೆ. ಊರೊಳಗ ಹೋಗೂವಾಗೆಲ್ಲ ಯೂನಿವರ್ಸಿಟಿ ಚೌಕ ದಾಟೇ ಹೋಗಬೇಕು, ಆ ಕಡೆ ಪಾಷಾಣ್ ರೋಡಿನ್ಯಾಗಂತೂ ಲ್ಯಾಬ್ ಬಾಜೂಕ ಲ್ಯಾಬ್ ಅದಾವ, ನೋಡಿದಾಗೆಲ್ಲ ಇಷ್ಟು ದೊಡ್ಡ ಕಂಪೌಂಡಿನ್ಯಾಗ ನನಗೊಂದು ಸ್ಟೂಲ್ ಸಿಗೂದಿಲ್ಲೇನು ಅನಸ್ತೈತಿ. ಕಂಪನಿಗೆ ಮತ್ತ ಹೋದ್ರ ಮೂರು ಶಿಫ್ಟ್, ಸಣ್ಣ ಕೂಸಿನ ಬಿಟ್ಟು ಆಗಂಗಿಲ್ಲ. ಪಿಎಚ್‌ಡಿ ಮಾಡೋ ಮನಸ್ಸೂ ಇಲ್ಲ, ಖರೇ ಹೇಳ್ತೀನಿ, ಪೇಪರ್ ಬರಿಯೋದು ನನ್ನ ಕಡೆ ಆಗಂಗಿಲ್ಲ. ಮಷೀನ್ ನಡಸೋದು, ಸ್ಯಾಂಪಲ್ ಹಾಕೋದು, ಗ್ರಾಫಿನ್ಯಾಗ ಪೀಕ್ ನೆಟ್ಟಗ ಬರೋತನಕ ತಲಿ ಕೆಡಿಸ್ಕೊಳ್ಳೋದು, ಇದ ಇಷ್ಟ.

ಆದ್ರ ಹುಡುಕೋದ ಗೊತ್ತಾಗವಲ್ದು. ಯೂನಿವರ್ಸಿಟಿ ಜಾಬ್ಸ್ ಪುಣೆ ಅಂತ ಹಾಕಿದ್ರ ಬರೇ ಪ್ರೊಫೆಸರ್ ಪೋಸ್ಟು, ಇಲ್ಲಾಂದ್ರ ಆ ಜಾಬ್ ಅಲರ್ಟ್ ಸೈಟು, ಒತ್ತಿದ್ರ ಹತ್ತು ಅಡ್ವರ್ಟೈಸ್‌ಮೆಂಟ್ ದಾಟಿ ಒಳಗ ಹೋಗೂದ್ರಾಗ ಲಾಸ್ಟ್ ಡೇಟ್ ಮುಗದಿರ್ತೈತಿ. ಇಂಥಾ ಪೋಸ್ಟಿಗೆ ಏನಂತ ಹೆಸರು? ಮರಾಠಿ ಬರಾಕಬೇಕೇನು, ನನಗ ಬಾಜಿ ತರೋವಷ್ಟು ಬರ್ತೈತಿ ಅಷ್ಟ. ವಯಸ್ಸು ಮೀರೇತೇನು? ಪಗಾರ ಎಷ್ಟಿರ್ತೈತಿ? ಯಾರರ ಒಳಗಿದ್ದವ್ರು ಹೇಳ್ರಿ.

ಇನ್ನೊಂದು, ನನ್ನ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಎಲ್ಲಾ ಧಾರವಾಡದಾಗ ಅವ್ವನ ಟ್ರಂಕಿನ್ಯಾಗ ಅದಾವ, ಅಪ್ಲೈ ಮಾಡಾಕ ಸ್ಕ್ಯಾನ್ ಸಾಕಾಗ್ತೈತೇನು?

---

ಹಿಂಜವಡಿ_ಹುಡುಗ

ವಶೀಲಿ ಇಲ್ದೆ ಇಂಥ ಕಡೆ ಏನೂ ಆಗಲ್ಲ ಮೇಡಂ. ನಂದು ಒಬ್ಬ ಫ್ರೆಂಡ್ ಎಂಟು ಕಡೆ ಹಾಕಿದ್ದ, ಒಂದೂ ರಿಪ್ಲೈ ಇಲ್ಲ. ಡಾಟಾ ಅನಲಿಟಿಕ್ಸ್ ಕೋರ್ಸ್ ಮಾಡ್ಕೊಂಡು ಐಟಿಗೆ ಬನ್ನಿ.

---

ಪಾಷಾಣ್_ಪಡ್ಡು

ತಂಗಿ, ಮ್ಯಾಲಿನವ್ರ ಮಾತು ಸ್ವಲ್ಪ ಬಾಜೂಕ ಇಡು, ಅದಕ್ಕ ಆಮ್ಯಾಲೆ ಬರ್ತೀನಿ. ನಾ ವಿಜಾಪುರದಾಂವ, ಈ ರೋಡಿಗೆ ಬಂದು 14 ವರ್ಷ ಆತು, ಮೊದಲಿನ ಐದು ವರ್ಷ ಪ್ರಾಜೆಕ್ಟ್ ಮ್ಯಾಲೆ ಆ ಲ್ಯಾಬಿನಿಂದ ಈ ಲ್ಯಾಬಿಗೆ ಅಡ್ಡಾಡಿ, ಆಮ್ಯಾಲೆ ಪರ್ಮನೆಂಟ್ ಆದೆ, ಈಗ ಇನ್ಸ್ಟ್ರುಮೆಂಟ್ ಫೆಸಿಲಿಟಿ ನೋಡ್ಕೋತೀನಿ.

ಮೊದಲ ಒಂದು ತಿಳ್ಕೋ, ಯೂನಿವರ್ಸಿಟಿ ಕೆಲಸ ಅಂತ ಹುಡಕಬ್ಯಾಡ, ಪಗಾರ ಯಾರ ಕಿಸೆದಿಂದ ಬರ್ತದ ಅಂತ ಹುಡುಕು. ಅದು ಗೊತ್ತಾತಂದ್ರ ವಯಸ್ಸು, ಭಾಷಾ, ಪರೀಕ್ಷಾ, ಎಷ್ಟು ದಿನ ಕೆಲಸ ಇರ್ತದ, ಎಲ್ಲಾ ತಾನ ಗೊತ್ತಾಗ್ತದ. ನೀ ನೋಡೋ ಕಂಪೌಂಡು ಹೊರಗಿಂದ ಎಲ್ಲಾ ಒಂದ ಥರ, ಆದ್ರ ಒಂದೊಂದು ಗೇಟಿಗೂ ಯಜಮಾನ ಬ್ಯಾರೆ. ಸಾವಿತ್ರಿಬಾಯಿ ಫುಲೆ ಪುಣೆ ಯೂನಿವರ್ಸಿಟಿ ರಾಜ್ಯದ್ದು, 1949ರಿಂದ ಅದ, ಹೆಸರು ಬದಲಾಗಿದ್ದು 2014ರಾಗ. ಆದ್ರ ಅದರ ಕ್ಯಾಂಪಸ್ಸಿನ್ಯಾಗ ಇರೋ ಖಗೋಳದ ಅಯುಕಾ ಯುಜಿಸಿದು, ಜೀವಕೋಶದ ಎನ್‌ಸಿಸಿಎಸ್ ಬಯೋಟೆಕ್ನಾಲಜಿ ಇಲಾಖೆದು (ಡಿಬಿಟಿ), ರೇಡಿಯೋ ಖಗೋಳದ ಎನ್‌ಸಿಆರ್‌ಎ ಅಂದ್ರ ಟಿಐಎಫ್‌ಆರ್, ಅಂದ್ರ ಅಣುಶಕ್ತಿ ಇಲಾಖೆದು. ರೋಡಿನ್ಯಾಗ ಮುಂದ ಹೋದ್ರ ಕೆಮಿಸ್ಟ್ರಿ ಲ್ಯಾಬ್ ಎನ್‌ಸಿಎಲ್ ಕೇಂದ್ರದ ಸಿಎಸ್‌ಐಆರ್‌ದು, ವಿಜ್ಞಾನ ಕಲಿಸೋ ಐಸರ್ ಶಿಕ್ಷಣ ಮಂತ್ರಾಲಯದ್ದು, ಹವಾಮಾನದ ಐಐಟಿಎಂ ಭೂವಿಜ್ಞಾನ ಮಂತ್ರಾಲಯದ್ದು. ಊರೊಳಗಿನ ಆಗರ್ಕರ್ ಇನ್ಸ್ಟಿಟ್ಯೂಟ್ ಡಿಎಸ್‌ಟಿ, ಅಂದ್ರ ವಿಜ್ಞಾನ ತಂತ್ರಜ್ಞಾನ ಇಲಾಖೆ, ಕೆಳಗ. ನಾ ಹೊಸದಾಗಿ ಬಂದಾಗ ಇದೆಲ್ಲಾ ಒಂದ ಯೂನಿವರ್ಸಿಟಿ ಅಂತ ತಿಳ್ಕೊಂಡು ಒಂದು ಗೇಟಿನ ಅರ್ಜಿ ಇನ್ನೊಂದು ಗೇಟಿನ್ಯಾಗ ಕೊಟ್ಟು ಬಂದಿದ್ದೆ, ವಾಚ್‌ಮನ್ ಇಸ್ಕೊಂಡಿದ್ದ, ಎಲ್ಲಿ ಹೋತೋ ದೇವರಿಗೇ ಗೊತ್ತು.

ಈಗ ಪರ್ಮನೆಂಟ್ ಪೋಸ್ಟು. ಹೆಸರು ಟೆಕ್ನಿಷಿಯನ್, ಟೆಕ್ನಿಕಲ್ ಅಸಿಸ್ಟೆಂಟ್, ಟೆಕ್ನಿಕಲ್ ಆಫೀಸರ್, ಕೆಲವು ಕಡೆ ಸೈಂಟಿಫಿಕ್ ಅಸಿಸ್ಟೆಂಟ್, ಲ್ಯಾಬ್ ಅಸಿಸ್ಟೆಂಟ್, ಐಐಟಿಯೊಳಗ ಜೂನಿಯರ್ ಟೆಕ್ನಿಕಲ್ ಸೂಪರಿಂಟೆಂಡೆಂಟ್. ಸಿಎಸ್‌ಐಆರ್ ಲೆಕ್ಕದಾಗ ಟೆಕ್ನಿಷಿಯನ್ ಲೆವೆಲ್ 2, ಬೇಸಿಕ್ 19,900, ಟೆಕ್ನಿಕಲ್ ಅಸಿಸ್ಟೆಂಟ್ ಲೆವೆಲ್ 6, 35,400, ಆಫೀಸರ್ ಲೆವೆಲ್ 7, 44,900, ಇದರ ಮ್ಯಾಲೆ ಡಿಎ ಎಚ್‌ಆರ್‌ಎ ಬ್ಯಾರೆ. ಒಳ್ಳೆ ಕೆಲಸ. ಆದ್ರ ಜಾಹೀರಾತು ಯಾವಾಗ ಬರ್ತದ ಅಂತ ಹೇಳಲಿಕ್ಕೆ ಬರಂಗಿಲ್ಲ, ಬಂದ್ರ ಒಂದ ಸಲ ಗಂಟಿನಂಗ ಬರ್ತದ, ಆಮ್ಯಾಲೆ ವರ್ಷಗಟ್ಲೆ ಸುದ್ದಿ ಇಲ್ಲ. ಮತ್ತ ಸಿಎಸ್‌ಐಆರ್ ಟೆಕ್ನಿಕಲ್ ಅಸಿಸ್ಟೆಂಟಿಗೆ ವಯಸ್ಸು 28, ಒಬಿಸಿ ಇದ್ರ ಮೂರು ವರ್ಷ, ಎಸ್‌ಸಿ ಎಸ್‌ಟಿ ಇದ್ರ ಐದು ವರ್ಷ ರಿಯಾಯಿತಿ. ಇನ್ನೊಂದು ಭಾಳ ಮಂದಿ ಎಡವೋ ಕಲ್ಲು ಅಂದ್ರ, ಆ ಪೋಸ್ಟಿಗೆ ಅವರು ಕೇಳೋದು ಬಿಎಸ್ಸಿ 60 ಪರ್ಸೆಂಟ್ ಮತ್ತ ಒಂದು ವರ್ಷ ಅನುಭವ. ನಿನ್ನ ಎಂಎಸ್ಸಿಯೊಳಗ ಎಷ್ಟ ಛಲೋ ಮಾರ್ಕ್ಸ್ ಬಂದಿರಲಿ, ಬಿಎಸ್ಸಿ 58 ಇದ್ರ ಫಾರ್ಮ್ ಅಲ್ಲೇ ಬೀಳ್ತದ. ನನ್ನ ಜೋಡಿ ಒಬ್ಬಾಕಿ ಹಿಂಗ ಹೋದ್ಲು, ಎಂಎಸ್ಸಿ ರ‍್ಯಾಂಕ್ ಇದ್ದಾಕಿ.

ಮತ್ತ ವಶೀಲಿ ಮಾತು. ಹಿಂಜವಡಿ ಸಾಹೇಬ್ರ, 2016ರ ಜನವರಿ 1ರಿಂದ ಕೇಂದ್ರ ಸರಕಾರದಾಗ ಗ್ರೂಪ್ ಸಿ ಮತ್ತ ಗ್ರೂಪ್ ಬಿ ನಾನ್-ಗೆಜೆಟೆಡ್ ಪೋಸ್ಟಿಗೆ ಇಂಟರ್‌ವ್ಯೂನ ತಗದಾರ. ಟ್ರೇಡ್ ಟೆಸ್ಟ್ ಅಂದ್ರ ಬರೇ ಪಾಸ್ ಆಗೋದು, ಮೆರಿಟ್ ಲಿಖಿತ ಪರೀಕ್ಷಾದ ಮ್ಯಾಲೆ. ಅಲ್ಲಿ ಕಾಕಾ ಮಾಮಾ ನಡಿಯಂಗಿಲ್ಲ. ಪ್ರಾಜೆಕ್ಟ್ ಪೋಸ್ಟಿನ್ಯಾಗ ಪರಿಚಯ ನಡಿತದ, ಸುಳ್ಳು ಯಾಕ ಹೇಳಲಿ, ಆದ್ರ ಅದು ವಶೀಲಿಗಿಂತ ಹೆಚ್ಚು 'ಈ ಹುಡುಗಿ ಮಷೀನ್ ಕೆಡಸಂಗಿಲ್ಲ' ಅನ್ನೋ ಭರೋಸಾ.

ಹಂಗಾರ ನಿನಗ ದಾರಿ ಅಂದ್ರ ಪ್ರಾಜೆಕ್ಟ್ ಪೋಸ್ಟು. ಒಬ್ಬ ಪ್ರೊಫೆಸರ್‌ಗೆ ಡಿಎಸ್‌ಟಿಯಿಂದನೋ ಡಿಬಿಟಿಯಿಂದನೋ, ಮೊದಲು ಎಸ್‌ಇಆರ್‌ಬಿ ಅಂತಿದ್ದು ಈಗ ಎಎನ್‌ಆರ್‌ಎಫ್ ಆಗೇದಲ್ಲ ಅಲ್ಲಿಂದನೋ ದುಡ್ಡು ಬರ್ತದ, ಆ ದುಡ್ಡಿನ್ಯಾಗ ಒಬ್ಬರನ್ನ ಇಟ್ಕೊಳ್ಳೋ ಪರವಾನಗಿ ಇರ್ತದ. ಪ್ರಾಜೆಕ್ಟ್ ಅಸಿಸ್ಟೆಂಟ್, ಪ್ರಾಜೆಕ್ಟ್ ಅಸೋಸಿಯೇಟ್ 1, 2, ಸೀನಿಯರ್ ಪ್ರಾಜೆಕ್ಟ್ ಅಸೋಸಿಯೇಟ್, ಮತ್ತ ಜೆಆರ್‌ಎಫ್, ಅಂದ್ರ ಜೂನಿಯರ್ ರಿಸರ್ಚ್ ಫೆಲೋ. ಜೆಆರ್‌ಎಫ್‌ಗೆ 28 ವಯಸ್ಸು, ಆದ್ರ ಪ್ರಾಜೆಕ್ಟ್ ಅಸೋಸಿಯೇಟ್‌ಗೆ 35, ಪ್ರಾಜೆಕ್ಟ್ ಅಸಿಸ್ಟೆಂಟ್‌ಗೆ 50 ತನಕ ನಡಿತದ. ನಿಂಗ ಇನ್ನ ಭಾಳ ಟೈಮ್ ಅದ, ವಯಸ್ಸಿಂದು ಚಿಂತಿ ಬಿಡು. ಪಗಾರ ನೆಟ್ ಅಥವಾ ಗೇಟ್ ಅನ್ನೋ ರಾಷ್ಟ್ರಮಟ್ಟದ ಪರೀಕ್ಷಾ ಪಾಸ್ ಆಗೇದೋ ಇಲ್ಲೋ ಅನ್ನೋದರ ಮ್ಯಾಲೆ. 2020ರ ಡಿಎಸ್‌ಟಿ ಆದೇಶದಾಗ ಅಸೋಸಿಯೇಟ್ 1ಕ್ಕ ನೆಟ್ ಗೇಟ್ ಇದ್ದವ್ರಿಗೆ 31,000, ಇಲ್ಲದವ್ರಿಗೆ 25,000 ಇತ್ತು, ಆಮ್ಯಾಲೆ ಏರೇದ. ಜೆಆರ್‌ಎಫ್ ಅಂತೂ 2023ರ ಜನವರಿಯಿಂದ 37,000. ಎಚ್‌ಆರ್‌ಎ ಬ್ಯಾರೆ, ಪುಣೆ ಮುಂಬೈ ಎರಡೂ ಎಕ್ಸ್ ಕ್ಲಾಸ್ ಸಿಟಿ ಇರೋದ್ರಿಂದ ಮ್ಯಾಲಿನ ದರ.

ಕಷ್ಟ ಏನಂದ್ರ, ಕೆಲಸ ವರ್ಷ ವರ್ಷಕ್ಕ ಮುಂದ ಹೋಗೋದು, ಪ್ರಾಜೆಕ್ಟ್ ಮುಗೀತು ನೀನೂ ಮುಗದಿ. ಇನ್ನೊಂದು, ಹಿಂದಿನ ವರ್ಷದ ಖರ್ಚಿನ ಲೆಕ್ಕ, ಯುಸಿ ಅಂತಾರ, ಅದು ಹೋಗಿ ಮುಂದಿನ ಕಂತು ಬರೋತನಕ ಪಗಾರ ನಿಂದರ್ತದ. ನನಗ ಒಂದು ಜಾಗಾದಾಗ ಐದು ತಿಂಗಳು ಬರಲಿಲ್ಲ, ಯಾವುದು ಅಂತ ಹೇಳಂಗಿಲ್ಲ, ಮೆಸ್ಸಿನ ಕಾಕಾ ಉದ್ರಿ ಬರೀಕೋತ ಹೋದ ಅಂತ ಬದುಕಿದೆ. ಆಮ್ಯಾಲೆ ಪೂರ್ತಿ ಬಂತು ಅನ್ನು. ಮನ್ಯಾಗ ಇನ್ನೊಂದು ಪಗಾರ ಇದ್ರ ಇದು ತಡಿತದ, ಒಬ್ಬರ ಮ್ಯಾಲೆ ನಡಿಯೋ ಮನಿ ಇದ್ರ ಮೂರು ತಿಂಗಳಿಂದು ಕೈಯಾಗ ಇಟ್ಕೊಂಡ ಬಾ.

---

ಮಾಟುಂಗದ_ಇಡ್ಲಿ

ಪಡ್ಡು ಅಣ್ಣ ಸರಿಯಾಗಿ ಹೇಳಿದ್ದಾರೆ. ನಾನು ಮುಂಬೈಯದ್ದು ಸೇರಿಸ್ತೇನೆ, ಪುಣೆಯವರಿಗೂ ಉಪಯೋಗ ಉಂಟು.

ಐಐಟಿ ಬಾಂಬೆಯಲ್ಲಿ ಜನ ಮಾಡುವ ತಪ್ಪು ಎಂತ ಅಂದ್ರೆ, ಅಡ್ಮಿನಿಸ್ಟ್ರೇಷನ್ ಪೇಜ್ ಮಾತ್ರ ನೋಡುದು. ಅಲ್ಲಿ ಬರುದು ಪರ್ಮನೆಂಟ್ ಪೋಸ್ಟ್. ಪ್ರಾಜೆಕ್ಟ್ ಸ್ಟಾಫಿನದ್ದೆಲ್ಲ ಐಆರ್‌ಸಿಸಿ ಅಂತ ಬೇರೆ ಆಫೀಸು ಉಂಟು, ಇಂಡಸ್ಟ್ರಿಯಲ್ ರಿಸರ್ಚ್ ಅಂಡ್ ಕನ್ಸಲ್ಟೆನ್ಸಿ ಸೆಂಟರ್, ಅವರ ಪೇಜಲ್ಲಿ ಬರ್ತದೆ, ಪ್ರಾಜೆಕ್ಟ್ ಟೆಕ್ನಿಕಲ್ ಅಸಿಸ್ಟೆಂಟ್, ಪ್ರಾಜೆಕ್ಟ್ ರಿಸರ್ಚ್ ಅಸಿಸ್ಟೆಂಟ್ ಅಂತ. ಎರಡೂ ಬೇರೆ ಬೇರೆ ಕಡೆ ಬುಕ್‌ಮಾರ್ಕ್ ಮಾಡಿ ಇಡಿ. ಪ್ರತಿಯೊಂದು ಸಂಸ್ಥೆಯಲ್ಲೂ ಹೀಗೆ ಎರಡು ಬಾಗಿಲು ಇರ್ತದೆ, ಒಂದು ಕರಿಯರ್ಸ್ ಅಂತ ಎದುರಿಗೆ ಕಾಣ್ತದೆ, ಇನ್ನೊಂದು ಆರ್ ಅಂಡ್ ಡಿ ಅಂತ ಎಲ್ಲೋ ಒಳಗೆ ಅಡಗಿಕೊಂಡು ಇರ್ತದೆ.

ಪೊವಾಯಿಯಲ್ಲೇ ಸೈಫ್ ಉಂಟು, ದೊಡ್ಡ ದೊಡ್ಡ ಅನಲಿಟಿಕಲ್ ಇನ್ಸ್ಟ್ರುಮೆಂಟು ಇಟ್ಟು ಹೊರಗಿನವರ ಸ್ಯಾಂಪಲೂ ತೆಕ್ಕೊಳ್ಳುವ ಜಾಗ. ಇಂಥ ಫೆಸಿಲಿಟಿ ಅಂದ್ರೆ ನಿಮ್ಮಂಥವರಿಗೆ ಹೇಳಿ ಮಾಡಿಸಿದ್ದು, ಯಾಕಂದ್ರೆ ಅಲ್ಲಿ ಪೇಪರ್ ಬರೆಯುವವರು ಬೇಡ, ಮಷೀನ್ ದಿನಾ ಓಡಿಸುವವರು ಬೇಕು. ಹುಡುಕುವಾಗ ಡಿಪಾರ್ಟ್‌ಮೆಂಟಿನ ಹೆಸರು ಹಾಕುದಕ್ಕಿಂತ ಸೆಂಟ್ರಲ್ ಇನ್ಸ್ಟ್ರುಮೆಂಟೇಷನ್ ಫೆಸಿಲಿಟಿ ಅಂತ ಹಾಕಿ. ಮಾಟುಂಗದಲ್ಲಿ ಐಸಿಟಿ ಅಂತ ಕೆಮಿಕಲ್ ಟೆಕ್ನಾಲಜಿ ಸಂಸ್ಥೆ ಉಂಟು, ಹಳೆಯವರು ಇನ್ನೂ ಯುಡಿಸಿಟಿ ಅಂತಲೇ ಹೇಳುದು, 1933ರದ್ದು, ಕೆಮಿಸ್ಟ್ರಿಯವರಿಗೆ ಅದೊಂದು ದೇವಸ್ಥಾನದ ಹಾಗೆ. ಅಲ್ಲಿ ಕಂಪನಿಗಳ ದುಡ್ಡಿನ ಪ್ರಾಜೆಕ್ಟ್ ಸುಮಾರು ಬರ್ತದೆ, ಅಂಥದ್ದರಲ್ಲಿ ನೆಟ್ ಗೇಟ್ ಅಂತ ಯಾರೂ ಜಾಸ್ತಿ ಕೇಳುದಿಲ್ಲ, ಕ್ಯೂಸಿ ಅನುಭವ ಕೇಳ್ತಾರೆ.

ನನ್ನ ತಮ್ಮ ಐಟಿಐ ಮಾಡಿದವ, ಅವ ಟಿಐಎಫ್‌ಆರ್‌ನ ಟ್ರೇಡ್ಸ್‌ಮನ್ ಟ್ರೇನಿ ಅಂತ ಸೇರಿದ್ದು. ಕೊಲಾಬಾದ ತುದಿಯಲ್ಲಿ, ಸಮುದ್ರದ ಎದುರು, ಮಧ್ಯಾಹ್ನದ ಕ್ಯಾಂಟೀನ್ ಊಟ ಬಿಟ್ಟು ಬರ್ಲಿಕ್ಕೆ ಮನಸ್ಸಾಗುದಿಲ್ಲ ಅಂತ ಹೇಳ್ತಾನೆ ಮಾರಾಯ್ರೆ. ಅವರದ್ದೇ ರೇಡಿಯೋ ಟೆಲಿಸ್ಕೋಪ್ ಜಿಎಂಆರ್‌ಟಿ ಇರುದು ನಾರಾಯಣಗಾಂವ್ ಹತ್ತಿರ ಖೋಡದ್‌ನಲ್ಲಿ, 45 ಮೀಟರಿನ 30 ಡಿಶ್ಶು, ಅದನ್ನು ತಿರುಗಿಸ್ಲಿಕ್ಕೆ, ಗೇರ್‌ಗೆ ಗ್ರೀಸ್ ಹಾಕ್ಲಿಕ್ಕೆ, ರಿಸೀವರ್ ರಿಪೇರಿಗೆ ಎಲ್ಲ ಜನ ಬೇಕಲ್ಲ. ರಿಸರ್ಚ್ ಅಂದ ಕೂಡ್ಲೆ ಜನ ಸೈಂಟಿಸ್ಟ್ ಅಂತ ಮಾತ್ರ ಎಣಿಸುದು. ಡಿಪ್ಲೊಮಾ ಐಟಿಐ ಆದ ಮಕ್ಕಳು ಇದನ್ನು ಓದ್ತಾ ಇದ್ರೆ, ಅಪ್ರೆಂಟಿಸ್ ಕೂಡ ನೋಡಿ. ಡಿಪ್ಲೊಮಾ ಡಿಗ್ರಿಯವರಿಗೆ ಸಾಯನ್‌ನಲ್ಲಿ ಬೋಟ್ ಅಂತ ಅಪ್ರೆಂಟಿಸ್ ಟ್ರೇನಿಂಗಿನ ಆಫೀಸು ಉಂಟು, ಮಹಾರಾಷ್ಟ್ರ ಗೋವಾ ಎಲ್ಲ ಅವರ ಕೆಳಗೆ, ನ್ಯಾಟ್ಸ್ ಪೋರ್ಟಲಲ್ಲಿ ರಿಜಿಸ್ಟರ್ ಮಾಡುದು. ಒಂದು ವರ್ಷ, ಸ್ಟೈಪೆಂಡ್ ಸ್ವಲ್ಪವೇ, ಆದ್ರೆ ಒಳಗಿನವರ ಕಣ್ಣಿಗೆ ಬೀಳ್ತೀರಿ.

---

ಗಿರ್ಮಿಟ್_ಪ್ರಿಯೆ

ಅಯ್ಯ ಇಷ್ಟು ವಿಷಯ ನನಗ ಒಂದು ವರ್ಷದಾಗ ಸಿಕ್ಕಿರಲಿಲ್ಲ, ಭಾಳ ಥ್ಯಾಂಕ್ಸ್ರಿ ಇಬ್ಬರಿಗೂ. ಪಡ್ಡು ಅಣ್ಣಾರ, ಬಿಎಸ್ಸಿ ನಂದು 71 ಐತಿ, ಉಳದೆ. ನೆಟ್ ಎರಡು ಸಲ ಬರದೀನಿ ಆಗಿಲ್ಲ. ಪಗಾರ ನಿಂದ್ರೋ ಮಾತು ನಮ್ಮವ್ರಿಗೆ ತೋರಿಸಿದೆ, ಮಗಳನ್ನ ಬಿಡೋ ಡೇಕೇರ್‌ನವ್ರು ಉದ್ರಿ ಬರ್ಕೊತಾರೇನು ಕೇಳು ಅಂದ್ರು.

ಯೂನಿವರ್ಸಿಟಿದ್ದ ಪೋಸ್ಟಿಗೆ ಮರಾಠಿ, ಡೊಮಿಸೈಲ್ ಅಂತೆಲ್ಲ ಬರದಿರ್ತೈತಿ, ಅದು ಎಲ್ಲಾ ಕಡೆನೂ ಬೇಕೇನ್ರಿ? ಮತ್ತ ಒಂದು ಕಡೆ ಫೋನ್ ಮಾಡಿದ್ದೆ, ಏಜೆನ್ಸಿ ಮುಖಾಂತರ ಬರ್ರಿ ಅಂದ್ರು, ಅದೇನದು?

---

ಫೈಲ್_ನಂಬರ್_ಇಲ್ಲ

ಇದಕ್ಕೆ ನಾನು ಹೇಳ್ತೀನಿ, ಒಂದು ಸಂಸ್ಥೆಯ ಎಸ್ಟಾಬ್ಲಿಷ್‌ಮೆಂಟ್ ಸೆಕ್ಷನ್ನಲ್ಲಿ ಇದೀನಿ, ಊರು ಶಿವಮೊಗ್ಗ. ಅರ್ಜಿ ಸ್ಕ್ರೂಟಿನಿ ಮಾಡೋದೇ ನನ್ನ ಹೊಟ್ಟೆಪಾಡು, ಹಾಗಾಗಿ ಜನ ಎಲ್ಲೆಲ್ಲಿ ಸೋಲ್ತಾರೆ ಅನ್ನೋದು ಚೆನ್ನಾಗಿ ಗೊತ್ತು.

ರಾಜ್ಯದ ಯೂನಿವರ್ಸಿಟಿಯ ಪರ್ಮನೆಂಟ್ ಪೋಸ್ಟ್ ಅಂದ್ರೆ ರಾಜ್ಯದ ನಿಯಮ. ಮರಾಠಿ ಓದಿ ಬರೆಯೋಕೆ ಬರಬೇಕು, ಡೊಮಿಸೈಲ್ ಕೇಳ್ತಾರೆ, ಕ್ಲಾರ್ಕ್ ಥರದ ಪೋಸ್ಟಿಗೆ ಎಂಎಸ್-ಸಿಐಟಿ ಅನ್ನೋ ಕಂಪ್ಯೂಟರ್ ಕೋರ್ಸಿನ ಸರ್ಟಿಫಿಕೇಟ್ ಬೇಕು, ಇದು ಹೊರಗಿಂದ ಬಂದ ನಮ್ಮವರಿಗೆ ಗೊತ್ತೇ ಇರಲ್ಲ. ಕರ್ನಾಟಕದ ಜಾತಿ ಸರ್ಟಿಫಿಕೇಟ್ ತಂದು ಮಹಾರಾಷ್ಟ್ರದ ರಾಜ್ಯ ಪೋಸ್ಟಿಗೆ ಮೀಸಲಾತಿ ಕೇಳಿದ್ರೆ ಸಿಗಲ್ಲ, ಓಪನ್ನಲ್ಲೇ ಹಾಕಬೇಕು. ಕೇಂದ್ರದ ಸಂಸ್ಥೆಗಳಲ್ಲಿ ಹಾಗಲ್ಲ, ನಿಮ್ಮ ಜಾತಿ ಕರ್ನಾಟಕದ ಕೇಂದ್ರ ಒಬಿಸಿ ಪಟ್ಟಿಯಲ್ಲಿ ಇದ್ರೆ ಕೇಂದ್ರದ ನಮೂನೆಯಲ್ಲಿ ತಹಶೀಲ್ದಾರ್ ಕೊಟ್ಟ ನಾನ್ ಕ್ರೀಮಿ ಲೇಯರ್ ಸರ್ಟಿಫಿಕೇಟ್ ನಡೆಯುತ್ತೆ. ರಾಜ್ಯದ ಪಟ್ಟಿ ಬೇರೆ, ಕೇಂದ್ರದ ಪಟ್ಟಿ ಬೇರೆ, 2ಎ 3ಬಿ ಅಂತ ಬರೆದ ಕಾಗದ ತಂದು ಟೇಬಲ್ ಮೇಲೆ ಇಟ್ಟು ಜಗಳ ಆಡಬೇಡಿ ದಯವಿಟ್ಟು, ನನ್ನ ಕೈಯಲ್ಲಿ ಏನೂ ಇಲ್ಲ. ಪ್ರಾಜೆಕ್ಟ್ ಪೋಸ್ಟಲ್ಲಿ ಭಾಷೆಯ ಗೋಜು ಕಮ್ಮಿ, ಇಂಗ್ಲಿಷ್ ಹಿಂದಿ ಸಾಕು. ಆದ್ರೂ ಮರಾಠಿ ಕಲೀರಿ, ಸ್ಟೋರ್ಸಿನವರ ಹತ್ರ ಮರಾಠಿಯಲ್ಲಿ ಕೇಳಿದ್ರೆ ಎಚ್‌ಪಿಎಲ್‌ಸಿಗೆ ಬೇಕಾದ ಅಸಿಟೋನೈಟ್ರೈಲ್ ದ್ರಾವಕದ ಬಾಟ್ಲಿ ಅವತ್ತೇ ಸಿಗುತ್ತೆ, ಇಂಗ್ಲಿಷಲ್ಲಿ ಕೇಳಿದ್ರೆ ಇಂಡೆಂಟ್ ಹಾಕಿ ಅಂತಾರೆ.

ಏಜೆನ್ಸಿ ಅಂದ್ರೆ ಔಟ್‌ಸೋರ್ಸಿಂಗ್. ಖಾಲಿ ಪೋಸ್ಟ್ ತುಂಬೋಕೆ ಮಂಜೂರಾತಿ ಇಲ್ದಾಗ ಮ್ಯಾನ್‌ಪವರ್ ಕಾಂಟ್ರಾಕ್ಟರ್ ಮೂಲಕ ಜನ ತಗೋತಾರೆ. ಕೂರೋದು ಲ್ಯಾಬಲ್ಲೇ, ಆದ್ರೆ ಕಾಗದದ ಪ್ರಕಾರ ನೀವು ಕಾಂಟ್ರಾಕ್ಟರ್‌ನ ನೌಕರರು, ಎಕ್ಸ್‌ಪೀರಿಯೆನ್ಸ್ ಲೆಟರ್ ಕೂಡ ಅವನ ಲೆಟರ್‌ಹೆಡ್ಡಲ್ಲಿ ಬರುತ್ತೆ. ಮುಂದೆ ಅದೇ ಸಂಸ್ಥೆಗೆ ಅರ್ಜಿ ಹಾಕಿದಾಗ, ಈ ಅನುಭವ ಲೆಕ್ಕಕ್ಕಿದೆಯಾ ಅಂತ ನನ್ನಂಥವನೊಬ್ಬ ಪೆನ್ಸಿಲ್ ಹಿಡ್ಕೊಂಡು ಕೂತಿರ್ತಾನೆ. ತಗೊಂಡ್ರೆ ಪಿಎಫ್ ನಂಬರ್ ತಪ್ಪದೆ ಇಸ್ಕೊಳ್ಳಿ, ಫೆಸಿಲಿಟಿ ಇನ್‌ಚಾರ್ಜ್ ಕೈಯಿಂದ ಮಾಡಿದ ಕೆಲಸದ ಬಗ್ಗೆ ಬೇರೆ ಒಂದು ಪತ್ರ ಬರೆಸ್ಕೊಳ್ಳಿ. ಸೇರಿಸ್ತೀನಿ ಅಂತ ಡೆಪಾಸಿಟ್ಟು, ಟ್ರೇನಿಂಗ್ ಫೀಸು ಕೇಳಿದ್ರೆ ಎದ್ದು ಬನ್ನಿ. ಅರ್ಜಿ ಫೀಸ್ ಇದ್ರೆ ಸಂಸ್ಥೆಯ ಪೋರ್ಟಲಲ್ಲೇ ಕಟ್ಟಿಸ್ಕೋತಾರೆ, ಯಾರದೋ ಫೋನ್ ನಂಬರಿಗೆ ಅಲ್ಲ, ಅದೂ ಹೆಂಗಸರಿಗೆ ಬಹಳ ಕಡೆ ಮಾಫಿ ಇರುತ್ತೆ.

ಎರಡು ಚಿಕ್ಕ ವಿಷಯ. ವಯಸ್ಸು ಲೆಕ್ಕ ಹಾಕೋದು ಸಾಮಾನ್ಯವಾಗಿ ಅರ್ಜಿಯ ಕೊನೆ ದಿನಕ್ಕೆ, ನೀವು ಅರ್ಜಿ ಹಾಕಿದ ದಿನಕ್ಕಲ್ಲ. ಅನುಭವ ಅಂತ ಕೇಳಿದ್ರೆ ಅದು ಎಸೆನ್ಷಿಯಲ್ ಅಂತ ಬರೆದ ಡಿಗ್ರಿ ಮುಗಿದ ಮೇಲಿನದು. ಡಿಸೈರಬಲ್ ಅಂತ ಬರೆದಿದ್ದು ನೋಡಿ ಹೆದರಿ ಅರ್ಜಿ ಹಾಕದೆ ಬಿಡೋರು ತುಂಬಾ ಜನ, ಅದರಲ್ಲೂ ಹೆಂಗಸರು. ಅದು ಇದ್ರೆ ಒಳ್ಳೇದು ಅಂತ ಅಷ್ಟೆ, ಇಲ್ದೆ ಇದ್ರೆ ನಾನು ತೆಗೆದು ಹಾಕೋ ಹಾಗಿಲ್ಲ.

---

ಜುವಾರಿ_ದಾಟಿದವ

ಗೋವಾದಿಂದ ಬರೀತಾ ಇದ್ದೇನೆ, ಊರು ಕಾರವಾರ, ವಾಸ್ಕೋದಲ್ಲಿ ಇರೋದು. ಇಲ್ಲೂ ಅದೇ ಕತೆ. ಗೋವಾ ಸರಕಾರದ ಪೋಸ್ಟಿಗೆ 15 ವರ್ಷದ ರೆಸಿಡೆನ್ಸ್ ಸರ್ಟಿಫಿಕೇಟ್ ಬೇಕು, ಕೊಂಕಣಿ ಬರಲೇಬೇಕು. ನಮಗೆ ಮನೆಯಲ್ಲಿ ಕೊಂಕಣಿಯೇ, ಆದರೂ 15 ವರ್ಷ ಎಲ್ಲಿಂದ ತರೋದು? ಅದಕ್ಕೇ ದೋನಾ ಪಾವ್ಲಾದ ಸಮುದ್ರ ವಿಜ್ಞಾನ ಸಂಸ್ಥೆ ಎನ್‌ಐಒ ಹಿಡಿದೆ, ಸಿಎಸ್‌ಐಆರ್‌ದು, 1966ರದ್ದು. ಪ್ರಾಜೆಕ್ಟ್ ಸ್ಟಾಫ್ ಆಗಿ ಸೇರಿ ಸಿಂಧು ಸಾಧನಾ ಹಡಗಿನಲ್ಲಿ ಎರಡು ಸಲ ಹೋಗಿ ಬಂದೆ, ನೀರಿನ ಸ್ಯಾಂಪಲ್ ಎತ್ತೋದು, ಅಲ್ಲೇ ಆಕ್ಸಿಜನ್ ಟೈಟ್ರೇಷನ್ ಮಾಡೋದು, ಬ್ಯೂರೆಟ್ ಹಿಡಿದ ಕೈ ಒಂದು ಕಡೆ ಹಡಗು ಇನ್ನೊಂದು ಕಡೆ. ಮೊದಲ ನಾಲ್ಕು ದಿನ ವಾಂತಿ ಬಿಟ್ಟು ಬೇರೆ ಏನೂ ಮಾಡಲಿಲ್ಲ.

ವಾಸ್ಕೋದ ಎನ್‌ಸಿಪಿಒಆರ್ ಕೂಡ ನೋಡಿ, ಅಂಟಾರ್ಕ್ಟಿಕಾದ ಮೈತ್ರಿ, ಭಾರತಿ ಸ್ಟೇಷನ್ ನಡೆಸುವವರು. ಅಲ್ಲಿ ಲ್ಯಾಬಿಗೆ ಬೇರೆ, ಅಂಟಾರ್ಕ್ಟಿಕಾಕ್ಕೆ ಹೋಗೋ ಟೆಕ್ನಿಷಿಯನ್, ಎಲೆಕ್ಟ್ರಿಷಿಯನ್, ಅಡುಗೆಯವರಿಗೆ ಬೇರೆ ಕರೀತಾರೆ. ಅಕ್ಕನವರಿಗೆ ಮಗು ಇದೆ, ಇದು ಬೇಡ, ಓದೋ ಬೇರೆ ಹುಡುಗರಿಗೆ ಹೇಳಿದೆ. ಬಿಟ್ಸ್ ಗೋವಾ ಪ್ರೈವೇಟು, ಅಲ್ಲಿ ಫ್ಯಾಕಲ್ಟಿಗೆ ನೇರವಾಗಿ ಮೇಲ್ ಹಾಕಿದರೆ ಉತ್ತರ ಬೇಗ ಬರುತ್ತದೆ.

---

ಪಾಷಾಣ್_ಪಡ್ಡು

ತಂಗಿ, ಮೇಲ್ ಮಾತು ಬಂತಲ್ಲ, ಅದನ್ನ ಹೇಳೋದು ಬಿಟ್ಟಿದ್ದೆ. ಜಾಹೀರಾತು ಬರೋತನಕ ಕಾಯಬ್ಯಾಡ. ಐಸರ್, ಎನ್‌ಸಿಎಲ್, ಯೂನಿವರ್ಸಿಟಿ ಕೆಮಿಸ್ಟ್ರಿ ಡಿಪಾರ್ಟ್‌ಮೆಂಟ್, ಎಲ್ಲರ ವೆಬ್‌ಸೈಟಿನ್ಯಾಗೂ ಫ್ಯಾಕಲ್ಟಿ ಪೇಜ್ ಅದ, ಕುಂತು ಓದು, ಯಾರ ಲ್ಯಾಬಿನ್ಯಾಗ ಎಲ್‌ಸಿ-ಎಂಎಸ್ ಎಚ್‌ಪಿಎಲ್‌ಸಿ ದಿನಾ ನಡಿತದ ನೋಡು, ಅವರಿಗಷ್ಟ ಬರಿ. ರೆಸ್ಪೆಕ್ಟೆಡ್ ಸರ್ ಐ ಆಮ್ ವೆರಿ ಇಂಟರೆಸ್ಟೆಡ್ ಇನ್ ಯುವರ್ ಎಸ್ಟೀಮ್ಡ್ ರಿಸರ್ಚ್ ಅಂತ ಬರದ್ರ ಎರಡನೇ ಸಾಲು ಯಾರೂ ಓದಂಗಿಲ್ಲ, ನಮ್ಮ ಬಾಸ್ ಅಂತೂ ಎಸ್ಟೀಮ್ಡ್ ಅನ್ನೋ ಶಬ್ದ ಕಂಡ ಕೂಡ್ಲೆ ಡಿಲೀಟ್. ಆರು ಸಾಲು ಸಾಕು. ಯಾವ ಮಷೀನ್ ನಡಸೀನಿ, ವಾಟರ್ಸೋ ಅಜಿಲೆಂಟೋ ಶಿಮಾಡ್ಜುನೋ, ಸಾಫ್ಟ್‌ವೇರ್ ಎಂಪವರ್ ಬರ್ತದೋ ಕೆಮ್‌ಸ್ಟೇಷನ್ ಬರ್ತದೋ, ದಿನಕ್ಕ ಎಷ್ಟು ಸ್ಯಾಂಪಲ್, ಪಂಪ್ ಸೀಲ್ ನಾನ ಬದಲ ಮಾಡೀನಿ, ಕ್ಯಾಲಿಬ್ರೇಷನ್ ದಾಖಲೆ ನಾನ ಇಟ್ಟೀನಿ. ಎರಡು ವರ್ಷದ ಗ್ಯಾಪ್ ಮುಚ್ಚಬ್ಯಾಡ, ಮಗಳು ಹುಟ್ಟಿದ್ಲು ಅಂತ ಒಂದ ಸಾಲಿನ್ಯಾಗ ಬರದು ಮುಂದ ಹೋಗು.

ನೀ ಕಂಪನಿ ಕ್ಯೂಸಿಯಿಂದ ಬಂದಿ ಅನ್ನೋದು ಸಣ್ಣದು ಅಂತ ತಿಳ್ಕೋಬ್ಯಾಡ. ನಮ್ಮ ಲ್ಯಾಬ್‌ನ ಪಿಎಚ್‌ಡಿ ಹುಡುಗೂರು ಭಾಳ ಶ್ಯಾಣ್ಯಾರ ಅದಾರ, ಆದ್ರ ಲಾಗ್‌ಬುಕ್ ಬರಿ ಅಂದ್ರ ಬರಿಯಂಗಿಲ್ಲ, ಕಾಲಮ್, ಅಂದ್ರ ಸ್ಯಾಂಪಲ್ ಬ್ಯಾರೆ ಆಗೋ ಕೊಳವಿ, ತೊಳದು ಇಡು ಅಂದ್ರ ಬಫರ್, ಅಂದ್ರ ಉಪ್ಪಿನ ದ್ರಾವಣ, ಹಂಗ ಬಿಟ್ಟು ಟಪ್ರಿಗೆ ಚಹಾಕ್ಕ ಹೋಗ್ತಾರ. ಲಕ್ಷಗಟ್ಲೆ ರೂಪಾಯಿ ಮಷೀನು. ಅಂಥಾದ್ರಾಗ ಶಿಸ್ತಿನ್ಯಾಗ ಕೆಲಸ ಮಾಡಿದಾಕಿ ಬಂದ್ರ ಪ್ರೊಫೆಸರ್‌ಗೆ ಹಬ್ಬ.

ಇಂಟರ್‌ವ್ಯೂದಾಗ ಏನ್ ಕೇಳ್ತಾರ ಅಂದ್ರ, ನಾ ಕೇಳೋದು ಹೇಳ್ತೀನಿ. ಫಾಸ್ಫೇಟ್ ಬಫರ್ ಮ್ಯಾಲೆ ರನ್ ಮಾಡಿದಿ, ಕೆಲಸ ಮುಗೀತು, ಈಗ ನೇರ 100 ಪರ್ಸೆಂಟ್ ಅಸಿಟೋನೈಟ್ರೈಲ್ ಬಿಡ್ತಿ ಏನು? ಬಿಡ್ತೀನಿ ಅಂದವರನ್ನ ನಾ ಮುಂದ ಕೇಳಂಗಿಲ್ಲ. ಉಪ್ಪು ಅದರಾಗ ಕರಗಂಗಿಲ್ಲ, ಪಂಪಿನ್ಯಾಗ ಕಾಲಮ್ಮಿನ್ಯಾಗ ಹರಳು ಕಟ್ತದ, ಮೊದಲ ಸ್ವಲ್ಪ ಆರ್ಗ್ಯಾನಿಕ್ ಬೆರಸಿದ ನೀರಿನ್ಯಾಗ ಬಫರ್ ಪೂರಾ ತೊಳದು ಆಮ್ಯಾಲೆ ಏರಸಬೇಕು. ನಿನಗಿದು ನಿದ್ದಿಗಣ್ಣಾಗೂ ಗೊತ್ತಿರ್ತದ. ಎರಡನೇದು, ಪ್ರೆಶರ್ ಒಮ್ಮಿಂದೊಮ್ಮೆ ಏರ್ತು, ಎಲ್ಲಿಂದ ಹುಡುಕ್ತಿ? ಕಾಲಮ್ ತಗದು ನೋಡೋದು, ಇಳದ್ರ ತೊಂದ್ರಿ ಕಾಲಮ್ಮಿಂದು, ಇಳೀಲಿಲ್ಲಂದ್ರ ಒಂದೊಂದ ಕನೆಕ್ಷನ್ ಬಿಚ್ಚಿಕೋತ ಪಂಪಿನ ಕಡೆ ಹೋಗೋದು. ಪುಸ್ತಕ ಓದಿದವ್ರು ಕಾರಣಗಳ ಪಟ್ಟಿ ಹೇಳ್ತಾರ, ಕೈಲೆ ಮಾಡಿದವ್ರು ಮೊದಲ ಯಾವ ನಟ್ ಬಿಚ್ಚಬೇಕು ಅಂತ ಹೇಳ್ತಾರ. ಅಲ್ಲೇ ಗೊತ್ತಾಗ್ತದ.

ವಾಕ್-ಇನ್ ಇದ್ರ ಒರಿಜಿನಲ್ ಬೇಕ ಬೇಕು. ಟ್ರಂಕಿನಿಂದ ಈಗ ತರಿಸ್ಕೋ.

---

ಮಾಟುಂಗದ_ಇಡ್ಲಿ

ಇನ್ನೊಂದು ಮರೆತೆ. ಹೆಂಗಸರು ಮಧ್ಯದಲ್ಲಿ ಬಿಟ್ಟು ಮತ್ತೆ ಬರ್ಲಿಕ್ಕೆ ಡಿಎಸ್‌ಟಿಯ ವೈಸ್-ಕಿರಣ್ ಅಂತ ಉಂಟು. ಅದರಲ್ಲೇ ಪೇಟೆಂಟಿನ ಟ್ರೇನಿಂಗ್ ಒಂದು ಉಂಟು, ಮೊದಲು ಡಬ್ಲ್ಯುಒಎಸ್-ಸಿ ಹೇಳ್ತಿದ್ರು, ಈಗ ವೈಸ್-ಐಪಿಆರ್. ಸ್ಟೈಪೆಂಡ್ ಸಿಗ್ತದೆ. ಆದ್ರೆ ಅದು ಕೂತು ಓದುವ ಕೆಲಸ, ನಿಮಗೆ ಮಷೀನ್ ಬೇಕಲ್ಲ. ಎರಡನೇ ದಾರಿ ಅಂತ ಇಟ್ಟುಕೊಳ್ಳಿ.

---

ಗಿರ್ಮಿಟ್_ಪ್ರಿಯೆ

ಮೂರು ವಾರ ಆದ ಮ್ಯಾಲೆ ಬರ್ಯಾಕತ್ತೀನಿ. ಹನ್ನೊಂದು ಮಂದಿಗೆ ಮೇಲ್ ಹಾಕಿದ್ನಿ, ಎಸ್ಟೀಮ್ಡ್ ಒಂದರಾಗೂ ಬರದಿಲ್ಲ. ಎಂಟು ಮಂದಿ ಸುದ್ದಿ ಇಲ್ಲ, ಒಬ್ಬರು ದುಡ್ಡಿಲ್ಲ ಮುಂದಿನ ವರ್ಷ ಕೇಳು ಅಂದ್ರು, ಒಬ್ಬರು ಪಿಎಚ್‌ಡಿಗೆ ಬಾ ಅಂದ್ರು. ಇನ್ನೊಬ್ಬ ಮೇಡಂ, ಜಾಹೀರಾತು ಹೋದ ವಾರ ಹಾಕೀವಿ ನೀ ನೋಡೇ ಇಲ್ಲ, ನಾಳೆ ಹತ್ತೂವರಿಗೆ ಇಂಟರ್‌ವ್ಯೂ, ಬಾ ಅಂತ ಇವತ್ತ ಮಧ್ಯಾಹ್ನ ಮೂರಕ್ಕ ಮೇಲ್ ಮಾಡ್ಯಾರ! ಪ್ರಾಜೆಕ್ಟ್ ಅಸೋಸಿಯೇಟ್, ಮೂರು ವರ್ಷದ ಪ್ರಾಜೆಕ್ಟು, ಎರಡು ವರ್ಷ ಉಳದಾವ.

ಮತ್ತ ಒರಿಜಿನಲ್ ಇನ್ನೂ ಧಾರವಾಡದಾಗ ಅದಾವ. ಬೈಬ್ಯಾಡ್ರಿ.

---

ಫೈಲ್_ನಂಬರ್_ಇಲ್ಲ

ಬೈಯ್ಯಲ್ಲ, ಆದ್ರೆ ಪಡ್ಡು ಸರ್ ಬೈತಾರೆ. ಡಿಜಿಲಾಕರಲ್ಲಿ ಏನಾದ್ರೂ ಸಿಗುತ್ತಾ ನೋಡಿ, ಇಲ್ದಿದ್ರೆ ಸ್ಕ್ಯಾನ್ ಪ್ರಿಂಟ್ ತೆಗೆದು ಸಹಿ ಹಾಕಿ, ಒರಿಜಿನಲ್ ಇಂತಿಷ್ಟು ದಿನದಲ್ಲಿ ತೋರಿಸ್ತೀನಿ ಅಂತ ಒಂದು ಬಿಳಿ ಹಾಳೆಯಲ್ಲಿ ಬರೆದು ತಗೊಂಡು ಹೋಗಿ. ಬಹಳ ಕಡೆ ಕೂರಿಸ್ತಾರೆ, ಕೆಲವು ಕಡೆ ಗೇಟಲ್ಲೇ ವಾಪಸ್. ಕಂಪನಿಯ ರಿಲೀವಿಂಗ್ ಲೆಟರ್ ಮರೀಬೇಡಿ.

---

ಪಾಷಾಣ್_ಪಡ್ಡು

ಹುಚ್ಚಿ. ಈಗ ಗಂಟೆ ಎಷ್ಟು? ಸಂಜಿಮುಂದ ಹುಬ್ಬಳ್ಳಿ-ಧಾರವಾಡದಿಂದ ಪುಣೆಕ್ಕ ಎಷ್ಟ್ ಬಸ್ ಬರ್ತಾವ, ಅಣ್ಣನಿಗೆ ಫೋನ್ ಹಚ್ಚು.

---

ಗಿರ್ಮಿಟ್_ಪ್ರಿಯೆ

ಹಚ್ಚೀನ್ರಿ ಅಣ್ಣಾರ. ಅಣ್ಣ ಫೈಲ್ ಒಯ್ದು ಬಸ್ಸಿನ ಡ್ರೈವರ್ ಕೈಯಾಗ ಕೊಟ್ಟಾನ, ಮುಂಜಾನೆ ಆರಕ್ಕ ಕಾತ್ರಜ್‌ನಾಗ ನಮ್ಮವ್ರು ಹೋಗಿ ಇಸ್ಕೊಂಡ ಬರ್ತಾರ.

---

ಜುವಾರಿ_ದಾಟಿದವ

ಡ್ರೈವರ್ ಫೋನ್ ನಂಬರ್, ಬಸ್ ನಂಬರ್ ಎರಡೂ ಇದೆ ತಾನೆ ಅಕ್ಕಾ?

---

ಗಿರ್ಮಿಟ್_ಪ್ರಿಯೆ

ಅದಾವ. ಫೈಲ್ ಜೋಡಿ ಅವ್ವ ಒಂದು ಕೇಜಿ ಪೇಢಾನೂ ಕಳಿಸ್ಯಾಳಂತ, ಕೆಲಸ ಸಿಕ್ಕೇ ಬಿಟ್ಟೈತಿ ಅಂತ ತಿಳ್ಕೊಂಡಾಳ. ಈಗ ಆ ಪಂಪ್ ಸೀಲಿಂದು ಒಂದ್ಸಲ ನೋಡ್ಕೋತೀನಿ, ಮಗಳು ಮಲಗ್ಯಾಳ.